ಹಳೇ ಮಾಡಿನ ಮರಕ್ಕೆ ಗೇರೆಣ್ಣೆ, ಬೇವು, ಚೊಗರು: ಯಾವುದು ಎಲ್ಲಿಗೆ?

ಪ್ರಶ್ನೆ: ಸಾಗರದ ಹತ್ತಿರ ನಮ್ಮದೊಂದು ಹಳೇ ಹೆಂಚಿನ ಮನೆ ಇದೆ. ಈ ಬೇಸಿಗೆಯಲ್ಲಿ ಮಾಡು, ಅಂದರೆ ಚಾವಣಿ, ಬಿಚ್ಚಿ ಮತ್ತೆ ಹೊದಿಸಬೇಕೆಂದಿದ್ದೇವೆ. ಮಾಡಿನ ಇಳಿಜಾರು ಮರ, ಅಂದರೆ ಪಕಾಸು, ಹಲಸಿನದ್ದು. ಅದರ ಮೇಲೆ ಅಡ್ಡ ಹೊಡೆಯುವ ರೀಪಿನ ಜಾಗದಲ್ಲಿ ಅಡಿಕೆ ಮರ ಸೀಳಿದ ದಬ್ಬೆ. ದಬ್ಬೆಯಲ್ಲಿ ಸಣ್ಣ ತೂತು ಬಿದ್ದು ಹಿಟ್ಟು ಉದುರುತ್ತಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವುದರಿಂದ ಅಂಗಡಿಯ ಗೆದ್ದಲು ಔಷಧಿ ಬೇಡ ಅನಿಸುತ್ತದೆ. ಬೇವಿನ ಎಣ್ಣೆ, ಗೇರುಬೀಜದ ಸಿಪ್ಪೆಯ ಗೇರೆಣ್ಣೆ, ಅಡಿಕೆ ಬೇಯಿಸಿದ ನೀರಿನ ಚೊಗರು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಜವಾಗಿ ಯಾವುದು ಕೆಲಸ ಮಾಡುತ್ತದೆ? ತೋಟದ ಬೇಲಿ ಗೂಟಕ್ಕೂ ಅದನ್ನೇ ಹಚ್ಚಬಹುದಾ?

ಉತ್ತರ: ಮಾಡಿಗೆ ಗೇರೆಣ್ಣೆ ಹಚ್ಚಿ. ಬೇವು, ಚೊಗರು ಎರಡಕ್ಕೂ ಅವುಗಳದ್ದೇ ಸಣ್ಣ ಜಾಗವಿದೆ, ಆದರೆ ನಿಮ್ಮ ಪಕಾಸು, ದಬ್ಬೆಗಳನ್ನು ಅವು ಒಂಟಿಯಾಗಿ ಕಾಯಲಾರವು. ಬೇಲಿ ಗೂಟಕ್ಕೆ ಇವು ಮೂರರಲ್ಲಿ ಯಾವುದೂ ಸಾಲದು. ಇನ್ನೊಂದು ಮುಖ್ಯ ಮಾತು: ದಬ್ಬೆಯ ಒಳಗೆ ಈಗಾಗಲೇ ಇರುವ ಹುಳುವಿಗೆ ಮೇಲಿನಿಂದ ಹಚ್ಚಿದ ಯಾವ ಎಣ್ಣೆಯೂ ತಲುಪುವುದಿಲ್ಲ. ಮೊದಲು ಅದನ್ನು ನೋಡಬೇಕು.

ಉದುರುವ ಹಿಟ್ಟನ್ನು ಒಂದು ಬಿಳಿ ಕಾಗದದ ಮೇಲೆ ಹಿಡಿದು, ಬೆರಳಲ್ಲಿ ಉಜ್ಜಿ ನೋಡಿ. ಪೌಡರಿನಷ್ಟು ನುಣ್ಣಗಿದ್ದರೆ ಅದು ಕುಟ್ಟೆ ಹುಳು. ಸಣ್ಣ ಜೀರುಂಡೆ ಜಾತಿ ಅದು. ಮರಿಹುಳುಗಳು ಮರದೊಳಗಿನ ಪಿಷ್ಟ ತಿಂದು ಬೆಳೆಯುತ್ತವೆ, ದೊಡ್ಡವಾಗಿ ಹೊರಬರುವಾಗ ತೂತು ಕೊರೆಯುತ್ತವೆ. ಹಿಟ್ಟಿನ ಬದಲು ಗಸಗಸೆಯಂಥ ಗಟ್ಟಿ ಕಾಳು ಸಿಕ್ಕಿದರೆ ಅದು ಒಣಮರದ ಗೆದ್ದಲು. ಗೋಡೆಯ ಮೇಲೆ ಮಣ್ಣಿನ ಸುರಂಗ ಕಂಡರೆ ನೆಲದಿಂದ ಹತ್ತಿದ ಗೆದ್ದಲು, ಅಂದರೆ ಒರಲೆ. ಈ ಮೂರಕ್ಕೂ ಮದ್ದು ಬೇರೆ ಬೇರೆ. ನೆಲದ ಒರಲೆಯಾದರೆ ಮರಕ್ಕೆ ಏನು ಹಚ್ಚಿದರೂ ಅರ್ಧ ಕೆಲಸವೇ. ಅದು ಬರುವ ದಾರಿಯನ್ನು ತಳಪಾಯದಲ್ಲೇ ತಡೆಯಬೇಕು. ನೀವು ಹೇಳಿದ್ದು ಕೇಳಿದರೆ ನಿಮ್ಮಲ್ಲಿರುವುದು ಕುಟ್ಟೆ ಅನಿಸುತ್ತದೆ. ಹಾಗೆಂದುಕೊಂಡೇ ಮುಂದಿನದ್ದು ಬರೆಯುತ್ತೇನೆ.

ಕುಟ್ಟೆ ಯಾಕೆ ದಬ್ಬೆಗೇ ಬಂತು, ಹಲಸಿಗೆ ಯಾಕೆ ಬರಲಿಲ್ಲ? ಗಿಡಮೂಲದ ಮದ್ದುಗಳ ಇಡೀ ಕಥೆ ಈ ಪ್ರಶ್ನೆಯೊಳಗೇ ಇದೆ.

ಹಲಸಿನ ಪಕಾಸಿನ ತುದಿ ನೋಡಿ. ಒಳಗಿನ ಹಳದಿ ಭಾಗ ಚೇಗು, ಹೊರಗಿನ ಬಿಳಿಚು ಭಾಗ ಎಳೆ ಮರ. ಮರ ಬದುಕಿದ್ದಾಗ ಬಿಳಿ ಭಾಗ ನೀರು ಸಾಗಿಸುತ್ತದೆ, ಪಿಷ್ಟ ಕೂಡಿಡುತ್ತದೆ. ವಯಸ್ಸಾದಂತೆ ಒಳಗಿನ ಜೀವಕೋಶಗಳು ಸಾಯುತ್ತವೆ. ಸಾಯುವ ಮೊದಲು ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ ಕಹಿಯಾದ, ವಿಷವಾದ ವಸ್ತುಗಳನ್ನು ತಯಾರಿಸುತ್ತವೆ. ಅವು ಕೋಶದ ಗೋಡೆಯೊಳಗೇ ಇಂಗಿ ಕೂರುತ್ತವೆ. ಎಷ್ಟೋ ಜಾತಿಗಳಲ್ಲಿ ನೀರಿನ ಕೊಳವೆಗಳೂ ಮುಚ್ಚಿಹೋಗುತ್ತವೆ. ತಿನ್ನಲು ಪಿಷ್ಟವಿಲ್ಲ, ಒಳಗೆ ಬರಲು ದಾರಿಯಿಲ್ಲ, ಕಚ್ಚಿದರೆ ವಿಷ. ಹಲಸಿನ ಹಳದಿ ಬಣ್ಣಕ್ಕೆ ಕಾರಣವಾದ ಮೋರಿನ್ ಇಂಥ ವಸ್ತುಗಳಲ್ಲೊಂದು. ಸಾಗುವಾನಿಯಲ್ಲಿ ಟೆಕ್ಟೋಕ್ವಿನೋನ್ ಮತ್ತು ಅದರ ಬಳಗವಿದೆ. ಗೆದ್ದಲು ತೇಗದ ಚೇಗನ್ನು ಬಿಟ್ಟು ಹೊರಗಿನ ಬಿಳಿಯನ್ನಷ್ಟೇ ತಿಂದುಹೋಗುವುದು ಇದಕ್ಕೇ.

ಅಡಿಕೆ ಮರದ ರಚನೆಯೇ ಬೇರೆ. ಅದರಲ್ಲಿ ಚೇಗು ಎನ್ನುವುದು ಆಗುವುದೇ ಇಲ್ಲ. ಹೊರಸುತ್ತಿನಲ್ಲಿ ನಾರು ಒತ್ತಾಗಿ ಗಟ್ಟಿಯಾಗಿರುತ್ತದೆ, ಒಳಗೆ ಮೆತ್ತನೆಯ ತಿರುಳು. ದಬ್ಬೆ ಸೀಳಿದ ಮೇಲೆ ಆ ತಿರುಳನ್ನು ಪೂರ್ತಿ ಹೆರೆದು ತೆಗೆಯದಿದ್ದರೆ ಕುಟ್ಟೆಗೆ ನಾವೇ ಊಟ ಬಡಿಸಿದ ಹಾಗೆ. ಬಲಿತ ಹಳೇ ಮರದ ದಬ್ಬೆಯೇ ಬೇಕು, ತಿರುಳು ಸಂಪೂರ್ಣ ಹೋಗಬೇಕು ಎಂದು ಹಿಂದಿನವರು ಹಠ ಹಿಡಿಯುತ್ತಿದ್ದದ್ದು ಸುಮ್ನೆ ಅಲ್ಲ.

ಈಗ ಎಣ್ಣೆಗಳ ವಿಷಯಕ್ಕೆ ಬರೋಣ. ಮರ ಕಾಯುವ ಯಾವುದೇ ಮದ್ದು ಮೂರು ಕೆಲಸ ಮಾಡಬೇಕು. ಹುಳುವಿಗೋ ಶಿಲೀಂಧ್ರಕ್ಕೋ ಸಹಿಸಲಾಗದಂತಿರಬೇಕು. ಮರದೊಳಗೆ ಇಳಿಯಬೇಕು. ಇಳಿದ ಮೇಲೆ ಮಳೆ, ಬಿಸಿಲಿಗೆ ಕರಗದೆ ಅಲ್ಲೇ ನಿಲ್ಲಬೇಕು. ಗಿಡಮೂಲದ ಮದ್ದುಗಳ ಬಗ್ಗೆ ಬರುವ ಉತ್ಸಾಹದ ಸುದ್ದಿಗಳೆಲ್ಲ ಮೊದಲನೆಯದರ ಬಗ್ಗೆ. ಪ್ರಯೋಗಾಲಯದಲ್ಲಿ ಸಣ್ಣ ಮರದ ತುಂಡಿಗೆ ರಸ ಕುಡಿಸಿ ಗೆದ್ದಲಿನ ಜೊತೆ ಇಟ್ಟರೆ ಗೆದ್ದಲು ಸಾಯುತ್ತದೆ. ಅದು ಸುಳ್ಳಲ್ಲ. ಆದರೆ ಅದೇ ರಸ ಬಳಿದ ಮರ ಮಲೆನಾಡಿನ ಮಳೆಗೆ ಸಿಕ್ಕರೆ ಏನಾಗುತ್ತದೆ ಎನ್ನುವುದು ಬೇರೆಯದೇ ಪರೀಕ್ಷೆ. ಆ ಪರೀಕ್ಷೆಯಲ್ಲಿ ಹೆಚ್ಚಿನವು ಸೋಲುತ್ತವೆ. ಮರ ವರ್ಷಗಟ್ಟಲೆ ತೆಗೆದುಕೊಂಡು ತನ್ನ ಕೋಶದ ಗೋಡೆಯೊಳಗೆ ಇಂಗಿಸಿಕೊಂಡದ್ದನ್ನು ನಾವು ಬ್ರಷ್ಷಿನಲ್ಲಿ ಒಂದು ಮಧ್ಯಾಹ್ನ ಬಳಿದು ಪಡೆಯಲು ಆಗುವುದಿಲ್ಲ ಅಲ್ವಾ? ಬ್ರಷ್ಷಿನಲ್ಲಿ ಹಚ್ಚಿದ್ದು ಒಣಮರದ ಮೈಯಲ್ಲಿ ಒಂದೆರಡು ಮಿಲಿಮೀಟರ್ ಇಳಿದರೆ ದೊಡ್ಡದು.

ಬೇವಿನಿಂದ ಶುರುಮಾಡುತ್ತೇನೆ, ಯಾಕೆಂದರೆ ಅದರ ಮೇಲೆ ಜನಕ್ಕೆ ನಂಬಿಕೆ ಜಾಸ್ತಿ. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಕೀಟಗಳಿಗೆ ಊಟ ಸೇರದಂತೆ ಮಾಡುತ್ತದೆ, ಮರಿಗಳು ಪೊರೆ ಕಳಚಿ ಬೆಳೆಯುವುದನ್ನು ಕೆಡಿಸುತ್ತದೆ. ಇದು ಸಾಬೀತಾದ ಸಂಗತಿ. ಆದರೆ ಬಿಸಿಲಿಗೆ ಅದು ಕೆಲವೇ ದಿನಗಳಲ್ಲಿ ಒಡೆದುಹೋಗುತ್ತದೆ. ಬೆಳೆಗೆ ಸಿಂಪಡಿಸುವಾಗ ಇದು ಒಳ್ಳೆಯ ಗುಣ, ವಿಷ ಉಳಿಯುವುದಿಲ್ಲ. ಮರಕ್ಕೆ ಹಚ್ಚುವಾಗ ಇದೇ ಗುಣ ದೋಷವಾಗುತ್ತದೆ. ಇನ್ನೊಂದು ತೊಂದರೆ ಎಣ್ಣೆಯದ್ದು. ಬೇವಿನ ಎಣ್ಣೆ, ಹೊಂಗೆ ಎಣ್ಣೆ ಎರಡೂ ಅಗಸೆ ಎಣ್ಣೆಯ ಹಾಗೆ ಒಣಗಿ ಗಟ್ಟಿ ಪದರವಾಗುವುದಿಲ್ಲ. ಜಿಡ್ಡಾಗಿಯೇ ಉಳಿಯುತ್ತವೆ, ಧೂಳು ಹಿಡಿಯುತ್ತವೆ, ಮಳೆಗಾಲದಲ್ಲಿ ಅದರ ಮೇಲೇ ಬೂಷ್ಟು ಬರುತ್ತದೆ. ಕಪಾಟಿನ ಹಿಂಭಾಗ, ಪೆಟ್ಟಿಗೆಯ ಒಳಮೈ, ಅಂದರೆ ಬಿಸಿಲು ಮಳೆ ತಾಗದ, ಕೈ ತಾಗದ ಜಾಗಕ್ಕೆ ವರ್ಷಕ್ಕೊಮ್ಮೆ ತೆಳ್ಳಗೆ ಹಚ್ಚಿ ಒರೆಸಿದರೆ ಪ್ರಯೋಜನವಿದೆ. ಬೇವಿನ ಸೊಪ್ಪಿನ ಕಷಾಯ ಕಾಯಿಸಿ ಹಚ್ಚುವುದನ್ನಂತೂ ಬಿಟ್ಟುಬಿಡಿ. ಅಜಾಡಿರಾಕ್ಟಿನ್ ಮುಖ್ಯವಾಗಿ ಇರುವುದು ಬೀಜದಲ್ಲಿ. ಸೊಪ್ಪಿನ ಕಷಾಯ ಹಚ್ಚಿದರೆ ಮರಕ್ಕೆ ನೀರು ಕುಡಿಸಿದಷ್ಟೇ ಆಗುತ್ತದೆ.

ಚೊಗರಿನ ಬಗ್ಗೆ ನನಗೆ ಪ್ರೀತಿಯಿದೆ. ಅಡಿಕೆ ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು ಗಟ್ಟಿಯಾದಾಗ ಅದರಲ್ಲಿ ಟ್ಯಾನಿನ್ ತುಂಬಿರುತ್ತದೆ. ಟ್ಯಾನಿನ್ ಎಂದರೆ ಬಾಯಿ ಒಗರಾಗಿಸುವ ವಸ್ತು, ಅಳಲೆಕಾಯಿಯಲ್ಲಿ ಇರುವುದೂ ಅದೇ. ಅದು ಪ್ರೋಟೀನಿಗೆ ಅಂಟಿಕೊಂಡು ಶಿಲೀಂಧ್ರದ ಜೀರ್ಣರಸಗಳನ್ನು ನಿಷ್ಕ್ರಿಯ ಮಾಡುತ್ತದೆ. ಹೆಗ್ಗೋಡಿನ ಕಡೆ ಇದೇ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಾರೆ, ಮರದ ಮೇಲೂ ಚಂದದ ಕೆಂಗಂದು ಬಣ್ಣ ಬರುತ್ತದೆ. ಆದರೆ ಚೊಗರು ನೀರಿನಲ್ಲಿ ಕರಗುವಂಥದ್ದು. ನೀರು ಬಿದ್ದಲ್ಲಿ ತೊಳೆದುಹೋಗುತ್ತದೆ. ಕೆಲವು ಬೂಷ್ಟುಗಳಂತೂ ಟ್ಯಾನಿನ್ನನ್ನೇ ಒಡೆದು ತಿನ್ನಬಲ್ಲವು. ಹಾಗಾಗಿ ಮನೆಯೊಳಗಿನ ಕಂಬಕ್ಕೋ ಬಾಗಿಲಿಗೋ ಬಣ್ಣಕ್ಕಾಗಿ ಬಳಿಯಿರಿ, ಚೆನ್ನಾಗಿ ಒಣಗಿದ ಮೇಲೆ ಅಗಸೆ ಎಣ್ಣೆಯ ಪದರ ಕೊಡಿ. ಕಬ್ಬಿಣದ ಮೊಳೆ ಇದ್ದಲ್ಲಿ ಟ್ಯಾನಿನ್ ತಾಗಿ ಕಪ್ಪು ಕಲೆ ಬೀಳುತ್ತದೆ, ಮೊದಲೇ ತಿಳಿದಿರಲಿ. ಇದೊಂದನ್ನೇ ನಂಬಿ ಮಾಡು ಹೊದಿಸಬೇಡಿ.

ಉಳಿದದ್ದು ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಇದು ಅಡುಗೆ ಎಣ್ಣೆಯಂಥದ್ದಲ್ಲ. ಸಿಪ್ಪೆಯೊಳಗಿನ ಜೇನುಗೂಡಿನಂಥ ಪದರದಲ್ಲಿ ತುಂಬಿರುವ ಈ ದ್ರವ ರಾಸಾಯನಿಕವಾಗಿ ಫಿನಾಲ್ ವರ್ಗಕ್ಕೆ ಸೇರಿದ್ದು. ಹಸಿ ಎಣ್ಣೆಯಲ್ಲಿ ಹೆಚ್ಚಿನ ಪಾಲು ಅನಕಾರ್ಡಿಕ್ ಆಮ್ಲ, ಜೊತೆಗೆ ಕಾರ್ಡೋಲ್ ಮತ್ತು ಕಾರ್ಡನಾಲ್. ಕಾರ್ಖಾನೆಯಲ್ಲಿ ಬಿಸಿ ಮಾಡಿದಾಗ ಅನಕಾರ್ಡಿಕ್ ಆಮ್ಲವೂ ಕಾರ್ಡನಾಲ್ ಆಗುತ್ತದೆ. ಅಣುವಿನ ತಲೆಭಾಗವಾದ ಫಿನಾಲ್ ಹುಳುವಿಗೂ ಶಿಲೀಂಧ್ರಕ್ಕೂ ವಿಷ. ಅದಕ್ಕೆ ಅಂಟಿಕೊಂಡ 15 ಇಂಗಾಲದ ಉದ್ದ ಬಾಲ ನೀರನ್ನು ದೂರವಿಡುತ್ತದೆ. ಮತ್ತೆ ಗಾಳಿ ತಾಗಿದಂತೆ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ಅಂದರೆ ನಾನು ಮೇಲೆ ಹೇಳಿದ ಮೂರನೆಯ ಕೆಲಸ, ಹಚ್ಚಿದಲ್ಲೇ ನಿಲ್ಲುವುದು, ಗೇರೆಣ್ಣೆಗೆ ತಾನಾಗಿಯೇ ಬರುತ್ತದೆ. ಬೇವಿಗೂ ಚೊಗರಿಗೂ ಇಲ್ಲದ ಗುಣ ಇದು. ಕೇರಳದ ಹಿನ್ನೀರಿನ ಕೆಟ್ಟುವಳ್ಳಂ ದೋಣಿಗಳನ್ನು ಹೆಬ್ಬಲಸಿನ ಹಲಗೆಗಳಿಂದ, ತೆಂಗಿನ ಹಗ್ಗದಲ್ಲಿ ಹೊಲಿದು ಕಟ್ಟುತ್ತಾರೆ. ಅವುಗಳ ಮೈಗೆ ಬಳಿಯುವ ಕಪ್ಪು ಲೇಪವೂ ಗೇರಿನದ್ದೇ. ನಮ್ಮ ಕರಾವಳಿಯಲ್ಲೂ ದೋಣಿಗೆ, ಮಾಡಿನ ಮರಕ್ಕೆ ಹಚ್ಚುವ ರೂಢಿ ಹಳೆಯದು.

ಕುಟ್ಟೆಯ ವಿಷಯದಲ್ಲಿ ಇದು ಇನ್ನೂ ಒಂದು ರೀತಿಯಲ್ಲಿ ನೆರವಾಗುತ್ತದೆ. ಕುಟ್ಟೆಯ ಹೆಣ್ಣು ಮೊಟ್ಟೆಯಿಡುವುದು ಮರದ ತೆರೆದ ರಂಧ್ರಗಳಲ್ಲಿ. ಗೇರೆಣ್ಣೆಯ ಪದರ ಆ ಬಾಯಿಗಳನ್ನೇ ಮುಚ್ಚುತ್ತದೆ. ಒಳಗಿರುವ ಹುಳು ಸಾಯದಿದ್ದರೂ ಹೊಸದು ಸೇರುವುದಿಲ್ಲ.

ಹಾಗಾದರೆ ಒಳಗಿನದ್ದಕ್ಕೆ ಏನು? ಮಾಡು ಬಿಚ್ಚಿದಾಗ ಪ್ರತಿ ದಬ್ಬೆಯನ್ನೂ ಚಾಕುವಿನ ತುದಿಯಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ದಬ್ಬೆ ತೆಗೆದುಬಿಡಿ, ಉಳಿಸಿಕೊಳ್ಳುವ ಆಸೆ ಬೇಡ. ಗಟ್ಟಿ ಇದ್ದು ಅಲ್ಲಲ್ಲಿ ತೂತು ಮಾತ್ರ ಇದ್ದರೆ ಉಳಿಸಬಹುದು. ಶಾಖ ಒಂದು ದಾರಿ. ಹಡಗಿನಲ್ಲಿ ಹೋಗುವ ಮರದ ಪೆಟ್ಟಿಗೆಗಳಿಗೆ ಅಂತಾರಾಷ್ಟ್ರೀಯ ನಿಯಮವೇ ಇದೆ: ಮರದ ನಡುಭಾಗ 56 ಡಿಗ್ರಿ ಸೆಲ್ಸಿಯಸ್ ತಲುಪಿ 30 ನಿಮಿಷ ಅಲ್ಲೇ ಇರಬೇಕು, ಆಗ ಒಳಗಿನ ಹುಳು ಸಾಯುತ್ತದೆ. ತೆಳ್ಳಗಿನ ದಬ್ಬೆಗಳನ್ನು ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಪ್ಲಾಸ್ಟಿಕ್ ಹಾಳೆಯಡಿ ಗಾಳಿಯಾಡದಂತೆ ಮುಚ್ಚಿ ಕೆಲವು ದಿನ ಇಟ್ಟರೆ ಇದಕ್ಕೆ ಹತ್ತಿರ ಬರಬಹುದು. ಆದರೆ ಮೋಡ ಮುಸುಕಿದರೆ ಆಗುವುದಿಲ್ಲ.

ಹೆಚ್ಚು ಭರವಸೆಯದ್ದು ಬಿಳಿಗಾರ, ಅಂದರೆ ಬೋರಾಕ್ಸ್. ಇದು ಗಿಡದ್ದಲ್ಲ, ಖನಿಜ. ನೀವು ಕೇಳಿದ್ದು ಗಿಡಮೂಲದವುಗಳ ಬಗ್ಗೆ, ಆದರೂ ಹೇಳದಿದ್ದರೆ ನಿಮಗೆ ಅನ್ಯಾಯವಾಗುತ್ತದೆ. 10 ಲೀಟರ್ ನೀರಿಗೆ 300 ಗ್ರಾಂ ಬಿಳಿಗಾರ, 200 ಗ್ರಾಂ ಬೋರಿಕ್ ಆಮ್ಲ ಕರಗಿಸಿ. ಬಿದಿರಿಗೆ ಬಳಸುವ ಅಳತೆಯೇ ಇದು. ಹೊಸ ಹಸಿ ದಬ್ಬೆಯಾದರೆ ಇದರಲ್ಲಿ ಕೆಲವು ದಿನ ಮುಳುಗಿಸಿಡಿ. ಮರ ಹಸಿಯಾಗಿದ್ದರೆ ಇವೆರಡರಲ್ಲೂ ಇರುವ ಬೋರಾನ್ ನೀರಿನ ಜೊತೆ ತಾನಾಗಿ ಒಳಕ್ಕೆ ಸಾಗುತ್ತದೆ, ಎಣ್ಣೆಗೆ ಆಗದ ಕೆಲಸ ಅದು. ಆಮೇಲೆ ನೆರಳಿನಲ್ಲಿ ಪೂರ್ತಿ ಒಣಗಿಸಿ ಮೇಲೆ ಗೇರೆಣ್ಣೆ ಹಚ್ಚಿ. ಬೋರಾನ್ ಮಳೆಗೆ ಕರಗಿಹೋಗುವ ದೋಷವನ್ನು ಗೇರೆಣ್ಣೆ ಮುಚ್ಚುತ್ತದೆ, ಗೇರೆಣ್ಣೆ ಒಳಗಿಳಿಯದ ದೋಷವನ್ನು ಬೋರಾನ್ ತುಂಬುತ್ತದೆ. ಈ ಜೋಡಿ ನನಗೆ ತುಂಬಾ ಹಿಡಿಸುತ್ತದೆ. ಕೈಗವಸು ಹಾಕಿ. ಗರ್ಭಿಣಿಯರು, ಮಕ್ಕಳು ಆ ದ್ರಾವಣದಿಂದ ದೂರವಿರಲಿ. ಉಳಿದ ನೀರನ್ನು ಬಾವಿಯ ಹತ್ತಿರವಾಗಲೀ ತೋಟದ ಬುಡಕ್ಕಾಗಲೀ ಸುರಿಯಬೇಡಿ, ಬೋರಾನ್ ಜಾಸ್ತಿಯಾದರೆ ಗಿಡ ಸುಡುತ್ತದೆ.

ಗೇರೆಣ್ಣೆ ಹಚ್ಚುವ ಕ್ರಮ ಹೀಗೆ. ಮರ ಪೂರ್ತಿ ಒಣಗಿರಬೇಕು, ಹಾಗಾಗಿ ಫೆಬ್ರವರಿಯಿಂದ ಮೇ ಮೊದಲ ವಾರದೊಳಗೆ ಮುಗಿಸಿ. ಹಳೆಯ ಮಸಿ, ಜೇಡರ ಬಲೆ, ಹಿಟ್ಟು ಎಲ್ಲ ತಂತಿ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಿರಿ. ಮೊದಲ ಸಲ ಗೇರೆಣ್ಣೆ ಒಂದು ಪಾಲು, ಟರ್ಪೆಂಟೈನ್ ಒಂದು ಪಾಲು ಬೆರೆಸಿ ತೆಳ್ಳಗೆ ಮಾಡಿಕೊಳ್ಳಿ. ಒಳ್ಳೆಯ ಟರ್ಪೆಂಟೈನ್ ಕೂಡ ಪೈನ್ ಮರದ ರಾಳದಿಂದ ಬಟ್ಟಿ ಇಳಿಸಿದ್ದೇ. ಮಂದ ಎಣ್ಣೆಯನ್ನೇ ನೇರ ಬಳಿದರೆ ಮೇಲೆ ಅಂಟಾಗಿ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ, ತಿಂಗಳಾದರೂ ಒಣಗುವುದಿಲ್ಲ. ತುದಿಗಳನ್ನು, ಅಂದರೆ ಅಡ್ಡ ಕೊಯ್ದ ಮುಖಗಳನ್ನು, ಬ್ರಷ್ಷಿನಲ್ಲಿ ಹಚ್ಚಿದರೆ ಸಾಲದು. ಡಬ್ಬಿಯಲ್ಲಿ ಅದ್ದಿ ನಿಲ್ಲಿಸಿ. ಮರ ನೀರು ಕುಡಿಯುವುದೂ ಎಣ್ಣೆ ಕುಡಿಯುವುದೂ ತುದಿಯಿಂದಲೇ ಹೆಚ್ಚು. ಪಕಾಸು ಗೋಡೆಯ ಮೇಲೆ ಕೂರುವ ಜಾಗ, ಮೊಳೆ ಹೊಡೆಯುವ ಜಾಗ, ಹೆಂಚಿನಿಂದ ನೀರು ಹಾರುವ ಸೂರಿನ ತುದಿ, ಇಲ್ಲೆಲ್ಲ ಧಾರಾಳವಾಗಿ ಕುಡಿಸಿ. ಅರ್ಧ ಗಂಟೆ ಬಿಟ್ಟು ಮೇಲೆ ನಿಂತ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿ. ವಾರದ ಮೇಲೆ, ಕೈಗೆ ಅಂಟದಿದ್ದರೆ, ಸ್ವಲ್ಪ ಮಂದ ಮಾಡಿ ಎರಡನೆಯ ಸಲ.

ಗೇರೆಣ್ಣೆ ಮೈ ಸುಡುತ್ತದೆ, ಬೊಬ್ಬೆ ಏಳಿಸುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು ಇದೇ ಕುಟುಂಬದ್ದು, ಆ ರಸದ ಉರಿ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ದಪ್ಪ ರಬ್ಬರ್ ಕೈಗವಸು, ಕನ್ನಡಕ, ಪೂರ್ತಿ ತೋಳಿನ ಅಂಗಿ ಬೇಕೇ ಬೇಕು. ಒಲೆಯ ಮೇಲೆ ಇಟ್ಟು ಕಾಯಿಸಬೇಡಿ, ಟರ್ಪೆಂಟೈನ್ ಬೆರೆಸಿದ ಮೇಲಂತೂ ಬೆಂಕಿಯ ಹತ್ತಿರವೂ ಬೇಡ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವ ಎಣ್ಣೆಗಳು ಗಾಳಿಯ ಜೊತೆ ಸೇರುವಾಗ ಬಿಸಿಯಾಗುತ್ತವೆ, ಅಗಸೆ ಎಣ್ಣೆಯ ಬಟ್ಟೆ ತಾನೇ ಹೊತ್ತಿಕೊಂಡು ಮನೆಗಳೇ ಸುಟ್ಟಿವೆ. ನೀರಿನಲ್ಲಿ ನೆನೆಸಿ, ಹರಡಿ ಒಣಗಿಸಿ. ಎಣ್ಣೆ ಪೂರ್ತಿ ಒಣಗಿ ವಾಸನೆ ಹೋಗುವ ತನಕ ಮಕ್ಕಳನ್ನು ಆ ಕೋಣೆಯಲ್ಲಿ ಮಲಗಿಸಬೇಡಿ. ತೊಟ್ಟಿಲು, ಆಟಿಕೆ, ಮೆಟ್ಟಿಲಿನ ಕೈಹಿಡಿ, ಊಟದ ಮೇಜು ಇವುಗಳಿಗೆ ಗೇರೆಣ್ಣೆ ಬೇಡವೇ ಬೇಡ. ಅಲ್ಲಿ ಶುದ್ಧ ಅಗಸೆ ಎಣ್ಣೆ ಸಾಕು. ಗಿಡದ್ದು ಅಂದ ಮಾತ್ರಕ್ಕೆ ಎಲ್ಲವೂ ನಿರಪಾಯ ಎಂದು ಯಾರೂ ತಿಳಿಯಬಾರದು. ಬೇವಿನ ಎಣ್ಣೆ ಹೊಟ್ಟೆಗೆ ಹೋಗಿ ಎಳೆ ಮಕ್ಕಳ ಜೀವಕ್ಕೆ ಕುತ್ತು ಬಂದ ದಾಖಲೆಗಳಿವೆ.

ಗೇರೆಣ್ಣೆಯ ಬದಲು ಗ್ಯಾರೇಜಿನ ಸುಟ್ಟ ಇಂಜಿನ್ ಆಯಿಲ್ ಹಚ್ಚಿ, ಅಗ್ಗ ಎಂದು ಹೇಳುವವರು ಸಿಗುತ್ತಾರೆ. ದಯವಿಟ್ಟು ಬೇಡ. ಅದರಲ್ಲಿ ಭಾರ ಲೋಹಗಳೂ ಕ್ಯಾನ್ಸರ್ ತರುವ ಸಂಯುಕ್ತಗಳೂ ಇರುತ್ತವೆ. ಮಕ್ಕಳಿಗಾಗಿ ಅಂಗಡಿಯ ಔಷಧಿ ಬಿಟ್ಟು ಇದನ್ನು ಹಚ್ಚಿದರೆ ಅರ್ಥವೇ ಇಲ್ಲ.

ನಿಮ್ಮ ಅಜ್ಜನ ಕಾಲದಲ್ಲಿ ಇದೇ ಮಾಡಿನ ದಬ್ಬೆಗೆ ಏನೂ ಹಚ್ಚದೆಯೂ ಬಾಳಿಕೆ ಬಂದಿರಬಹುದು. ಅದಕ್ಕೆ ಒಂದು ಕಾರಣ ಒಲೆಯ ಹೊಗೆ. ಹೊಗೆಯಲ್ಲಿ ಫಿನಾಲ್, ಫಾರ್ಮಾಲ್ಡಿಹೈಡ್ ಎಲ್ಲ ಇರುತ್ತವೆ. ದಿನವೂ ಸ್ವಲ್ಪ ಸ್ವಲ್ಪವಾಗಿ ಮರಕ್ಕೆ ಹತ್ತುತ್ತಿತ್ತು, ಜೊತೆಗೆ ಮಳೆಗಾಲದಲ್ಲೂ ಮಾಡನ್ನು ಒಣಗಿಸಿಡುತ್ತಿತ್ತು. ಗ್ಯಾಸ್ ಬಂತು, ಹೊಗೆ ಹೋಯಿತು, ಅಡುಗೆ ಮಾಡುವವರ ಶ್ವಾಸಕೋಶ ಉಳಿಯಿತು. ಆ ಹೊಗೆ ವಾಪಸ್ ಬೇಡ. ಆದರೆ ಒಣಗಿಸುವ ಕೆಲಸವನ್ನಾದರೂ ನಾವು ಬೇರೆ ರೀತಿಯಲ್ಲಿ ಮಾಡಬೇಕು. ಮರದ ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊಳೆಯಿಸುವ ಶಿಲೀಂಧ್ರ ಬೆಳೆಯುವುದಿಲ್ಲ. ಒಡೆದ ಹೆಂಚು ಬದಲಿಸುವುದು, ಮಾಡಿನಡಿ ಗಾಳಿ ಓಡಾಡಲು ಬಿಡುವುದು, ಸೂರನ್ನು ಒಂದಡಿ ಮುಂದೆ ಚಾಚುವುದು, ಇವು ಯಾವ ಎಣ್ಣೆಗಿಂತಲೂ ಹೆಚ್ಚು ಕಾಲ ಮರ ಉಳಿಸುತ್ತವೆ. ಮಾಡಿನಡಿ ಗಾಳಿ ಬಾರದಂತೆ ಪ್ಲಾಸ್ಟಿಕ್ ಸೀಲಿಂಗ್ ಹೊಡೆಸುವ ಯೋಚನೆ ಇದ್ದರೆ ಕೈಬಿಡಿ.

ಇನ್ನು ಬೇಲಿ ಗೂಟ. ನೆಲಕ್ಕೆ ಹೂತ ಮರದ ಪರೀಕ್ಷೆ ತುಂಬಾ ಕಠಿಣ. ಮಣ್ಣಿನ ಮಟ್ಟದಲ್ಲಿ ತೇವ, ಗಾಳಿ ಎರಡೂ ಸಿಗುವುದರಿಂದ ಕೊಳೆಯುವುದು ಅಲ್ಲೇ ಮೊದಲು, ಗೆದ್ದಲು ಬರುವುದೂ ಅಲ್ಲಿಂದಲೇ. ನಮ್ಮಲ್ಲಿ ಮರದ ಬಾಳಿಕೆ ಅಳೆಯುವುದು ಕೂಡ ಹೀಗೇ, ಗೂಟಗಳನ್ನು ಬಯಲಿನಲ್ಲಿ ಅರ್ಧ ಹೂತು ವರ್ಷಗಟ್ಟಲೆ ಕಾದು. ಭಾರತೀಯ ಮಾನಕ 401ರ ಪ್ರಕಾರ, ಚೇಗು ಸರಾಸರಿ 120 ತಿಂಗಳು ದಾಟಿದರೆ ಮೊದಲ ದರ್ಜೆ, 60ರಿಂದ 120 ಆದರೆ ಎರಡನೆಯದು, 60ಕ್ಕಿಂತ ಕಡಿಮೆಯಾದರೆ ಮೂರನೆಯದು. ಈ ಪರೀಕ್ಷೆಯಲ್ಲಿ ಗೆದ್ದ ಮದ್ದು 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಕಂಡುಹಿಡಿದದ್ದು. ತಾಮ್ರ, ಆರ್ಸೆನಿಕ್ ವಿಷ ಅಂತ ಎಲ್ಲರಿಗೂ ಗೊತ್ತಿತ್ತು. ಅವು ಮಳೆಗೆ ತೊಳೆದುಹೋಗುತ್ತಿದ್ದವು. ಕಾಮೇಶಂ ಕ್ರೋಮಿಯಂ ಸೇರಿಸಿ ಅವನ್ನು ಮರದೊಳಗೇ ಕಟ್ಟಿಹಾಕಿದರು. ಇಡೀ ಜಗತ್ತು ದಶಕಗಳ ಕಾಲ ಅದನ್ನೇ ಬಳಸಿತು. ಆರ್ಸೆನಿಕ್ ಇರುವ ಕಾರಣಕ್ಕೆ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ನಿಲ್ಲಿಸಿದರು. ಅಂಥ ಹಸಿರುಛಾಯೆಯ ಹಳೇ ಕಂಬ ನಿಮಗೆ ಸಿಕ್ಕರೆ ಒಲೆಗೆ ಹಾಕಬೇಡಿ, ಬೂದಿಯಲ್ಲಿ ಆರ್ಸೆನಿಕ್ ಇರುತ್ತದೆ. ಗಿಡದ ರಸಕ್ಕೆ ತಾಮ್ರ ಸೇರಿಸಿ ಕಟ್ಟಿಹಾಕುವ ಪ್ರಯತ್ನಗಳು ನಮ್ಮ ಸಂಶೋಧನಾ ಸಂಸ್ಥೆಗಳಲ್ಲಿ ನಡೆದಿವೆ. ನನಗೆ ಆ ದಾರಿಯ ಮೇಲೆ ಭರವಸೆಯಿದೆ, ಆದರೆ ಮನೆಯಲ್ಲಿ ಮಾಡಿಕೊಳ್ಳುವಂಥದ್ದಲ್ಲ.

ಆದ್ದರಿಂದ ಗೂಟಕ್ಕೆ ಎಣ್ಣೆಯ ಖರ್ಚು ಬೇಡ. ಕಲ್ಲುಕಂಬ ಸಿಗುವ ಊರು ನಿಮ್ಮದು, ಮೂಲೆಗಳಿಗೆ ಅದನ್ನೇ ಹಾಕಿ. ನಡುವೆ ಗ್ಲಿರಿಸೀಡಿಯಾ, ಹಾಲುವಾಣದ ರೆಂಬೆಗಳನ್ನು ಮುಂಗಾರಿಗೆ ಊರಿ. ಬೇರು ಬಿಟ್ಟ ಗೂಟಕ್ಕೆ ಗೆದ್ದಲಿನ ಭಯ ಕಡಿಮೆ, ಸೊಪ್ಪು ತೋಟಕ್ಕೆ ಗೊಬ್ಬರ. ಮರದ್ದೇ ಗೂಟ ಬೇಕು ಅಂತಿದ್ದರೆ ಬಿಳಿ ಭಾಗ ಕೆತ್ತಿ ತೆಗೆದು ಚೇಗಿನದ್ದನ್ನೇ ಹೂಳಿ. ತೋಟದಲ್ಲಿ ಬೇಗ ಬೆಳೆಸಿ ಕಡಿದ ಎಳೇ ಸಾಗುವಾನಿ ಆ ಹೆಸರಿಗೆ ತಕ್ಕಷ್ಟು ಬಾಳುವುದಿಲ್ಲ, ಅದರಲ್ಲಿ ಚೇಗೇ ಕಡಿಮೆ. ಕೊಂಡ ಮರ ಯಾವ ಜಾತಿಯದ್ದು ಎಂದು ಅನುಮಾನ ಬಂದರೆ, ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಒಂದು ತುಂಡು ಕೊಟ್ಟು ಗುರುತಿಸಿಕೊಳ್ಳಬಹುದು. ದುಡ್ಡು ಕೊಟ್ಟು ಲೋಡುಗಟ್ಟಲೆ ಇಳಿಸಿಕೊಳ್ಳುವ ಮೊದಲೇ ಅದನ್ನು ಮಾಡಿ.